ಮೂಲೆ ಹರಿದ ಕಾರ್ಡು

ಈ ಕಥೆಯನ್ನು ಮೊದಲು ಹೇಳಿದವರು ಶಿವಗಂಗವ್ವ. ಅಥಣಿಯಿಂದ ಪುಣೆಗೆ ಬಂದು ನೂಲಿನ ವ್ಯಾಪಾರ ಹಿಡಿದ ಸಿದ್ರಾಮಪ್ಪನವರ ಹೆಂಡತಿ. ಹೇಳಿದ್ದು ೧೯೪೩ರ ಶ್ರಾವಣದ ಒಂದು ಮಧ್ಯಾಹ್ನ, ಸದಾಶಿವ ಪೇಠೆಯ, ಹಲವು ಬಿಡಾರಗಳಿದ್ದ ಒಂದು ವಾಡೆಯ ಒಳ ಅಂಗಳದಲ್ಲಿ, ದೀಪದ ಬತ್ತಿ ಹೊಸೆಯಲು ಕೂಡಿದ್ದ ಏಳೆಂಟು ಕನ್ನಡ ಹೆಣ್ಣುಮಕ್ಕಳ ಮುಂದೆ. ಕಥೆ ನಡೆದದ್ದೂ ಅದೇ ವಾಡೆಯಲ್ಲಿ, ಅದಕ್ಕೆ ಹದಿನಾಲ್ಕು ವರ್ಷ ಹಿಂದೆ. ಆ ಮನೆಯ ಮೊಮ್ಮಗಳು ಕುಸುಮ ಮುಂದೊಮ್ಮೆ ಹೇಳಿದ ಇನ್ನೊಂದು ಪಾಠವೂ ದೊರೆತಿದೆ. ಎರಡೂ ಬಹುಮಟ್ಟಿಗೆ ಒಂದೇ. ಬೇರೆಯಾದ ಕಡೆ ಅದನ್ನು ಆಯಾ ಸ್ಥಳದಲ್ಲಿಯೇ ತಿಳಿಸಿದೆ.

ವಾಡೆಯ ಮೇಲಂತಸ್ತಿನ ಮೂರು ಖೋಲಿಗಳಲ್ಲಿ ರಾಧಾಬಾಯಿಯ ಸಂಸಾರವಿತ್ತು. ಅವಳಿಗೆ ಆಗ ಅರವತ್ತೆರಡು. ಮಗ ಮಧುಕರ ಲಷ್ಕರದ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತ. ಸೊಸೆ ಇಂದೂ, ಇಂದೂನ ಮಗಳು ಒಂಬತ್ತು ವರ್ಷದ ಕುಸುಮ. ಇವರ ಜೊತೆಗೆ ಶ್ಯಾಮ. ಇವನು ರಾಧಾಬಾಯಿಯ ಮಗಳು ನರ್ಮದೆಯ ಹಿರಿಯ ಮಗ. ನವಲಗುಂದದ ಕಡೆಯ ಒಂದು ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಓದಲು ಬಂದವನು, ಈಗ ಹತ್ತೊಂಬತ್ತರ ಹುಡುಗ. ಬೆಳಿಗ್ಗೆ ಏಳುವುದು ಅಜ್ಜಿಯ ದನಿಗೆ, ಉಣ್ಣುವುದು ಅಜ್ಜಿಯ ಕೈಯಿಂದ. ಉಂಡ ತಾಟನ್ನು ಅವನು ಒಂದು ದಿನವಾದರೂ ಎತ್ತಿದ್ದನ್ನು ವಾಡೆಯಲ್ಲಿ ಯಾರೂ ನೋಡಿರಲಿಲ್ಲ.

ಶ್ಯಾಮ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಜೊತೆಗೆ ಜರ್ಮನ್ ಭಾಷೆಯನ್ನೂ ತೆಗೆದುಕೊಂಡಿದ್ದ. ಆ ವರ್ಷ ಜರ್ಮನ್ ಕಲಿಸುವ ಪ್ರೊಫೆಸರರು ಎಂಟು ವಿದ್ಯಾರ್ಥಿಗಳನ್ನು ಆರಿಸಿ, ಬೇಸಿಗೆಯ ರಜೆಯಲ್ಲಿ ಜರ್ಮನಿಗೆ ಕರೆದೊಯ್ಯುವುದಾಗಿ ಗೊತ್ತುಮಾಡಿದರು. ಆ ಕಾಲೇಜಿನಿಂದ ಗುಂಪಾಗಿ ಹೊರಟದ್ದು ಅದೇ ಮೊದಲು. ಎಂಟರಲ್ಲಿ ಶ್ಯಾಮ ಮೂರನೆಯವನು. ಖರ್ಚಿನ ಬಹುಪಾಲು ಕಾಲೇಜಿನ ನಿಧಿಯದು. ಕರಾರು ಒಂದೇ: ಗೊತ್ತಾದ ದಿನ ಮುಂಬಯಿಯ ಬಂದರಿನಲ್ಲಿ ಇಲ್ಲದವನ ಜಾಗ ಒಂಬತ್ತನೆಯವನಿಗೆ ಹೋಗುತ್ತದೆ. ಆ ಒಂಬತ್ತನೆಯವನು ಏಕನಾಥನೆಂಬ ಹುಡುಗ. ಪಟ್ಟಿ ಹೊರಬಿದ್ದ ದಿನದಿಂದ ಅವನು ಎರಡು ದಿನಕ್ಕೊಮ್ಮೆ ವಾಡೆಗೆ ಬಂದು ಶ್ಯಾಮನ ಆರೋಗ್ಯ ವಿಚಾರಿಸುತ್ತಿದ್ದ.

ರಾಧಾಬಾಯಿ ಮೊದಲಿಗೆ ಒಪ್ಪಿರಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ಅದೇ ಮಾತು ಬರುತ್ತಿತ್ತು.

"ಸಮುದ್ರ ದಾಟಿ ಬಂದವನ ಕೈಲೆ ನಾಳೆ ಶ್ರಾದ್ಧಾ ಯಾರು ಮಾಡಸ್ತಾರ? ಮಠದವರು ತೀರ್ಥಾ ಹಾಕ್ತಾರೇನು?"

"ಬಂದ ಮ್ಯಾಲೆ ಪ್ರಾಯಶ್ಚಿತ್ತ ಮಾಡಿಸಿದ್ರಾತು," ಎಂದ ಮಧುಕರ. "ಪಂಚಗವ್ಯ ಕುಡಿಯಾಂವ ಅಂವ. ನೀ ಯಾಕ ಈಗಿಂದ ಮಾರಿ ಕಿವುಚತೀ?"

"ಅಲ್ಲಿ ಮಂದಿ ಏನು ತಿಂತಾರ ಗೊತ್ತದ ಏನು ನಿನಗ?"

"ಆಲೂಗಡ್ಡಿ ತಿಂತಾರ. ನೀನೂ ಏಕಾದಶಿಗೆ ಅದನ್ನ ತಿಂತಿ."

ಇಂದೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ರಾಧಾಬಾಯಿ ಆ ದಿನ ಮಗನಿಗೆ ಎರಡನೆಯ ಸಲ ಅನ್ನ ಬಡಿಸಲಿಲ್ಲ.

ಸಂಕ್ರಾಂತಿಗೆ ನರ್ಮದಾ ಎಳ್ಳುಬೆಲ್ಲ ಕಟ್ಟಿಕೊಂಡು ತವರಿಗೆ ಬಂದಳು. ಮನೆಯಲ್ಲಿ ಅತ್ತೆ ಅಂಬಕ್ಕ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರಿಂದ ಅವಳಿಗೆ ನಾಲ್ಕು ದಿನದ ಬಿಡುವು ಮಾತ್ರ. ಮೂರು ದಿನ ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ತಾಯಿ ಮಗಳಿಬ್ಬರೇ ಬೀಸುಕಲ್ಲಿನ ಎದುರುಬದುರು ಕೂತಾಗ, ಗೂಟ ಹಿಡಿದ ಕೈ ನಿಲ್ಲಿಸದೆ ಹೇಳಿದಳು:

"ಅವ್ವಾ, ಹನ್ನೊಂದಕ್ಕ ನನ್ನ ಲಗ್ನಾ ಮಾಡಿ ಆ ಕಪ್ಪು ಮಣ್ಣಿನ ಊರಿಗೆ ಕಳಿಸಿದಿ. ನಾ ಒಂದು ಮಾತು ಅನ್ನಲಿಲ್ಲ. ಬ್ಯಾಸಗಿ ಬಂದ್ರ ನೀರಿಲ್ಲ, ಮಳಿ ಬಂದ್ರ ಹಾದಿಲ್ಲ, ಆದ್ರೂ ಅನ್ನಲಿಲ್ಲ. ಈಗ ಒಂದ ಬೇಡತೀನಿ. ಅವನ ಹಾದಿಗೆ ನೀ ಅಡ್ಡ ಬರಬ್ಯಾಡ."

ರಾಧಾಬಾಯಿ ಹಿಡಿ ಜೋಳ ಕಲ್ಲಿಗೆ ಹಾಕಿದಳು.

"ನೀ ಅಷ್ಟ ಅಲ್ಲ, ಯಾರನೂ ಬರಗೊಡಬ್ಯಾಡ. ಅವರಪ್ಪಂದು ಮೆತ್ತನ್ನ ಮನಸು, ಯಾರರೆ ಗದರಿಸಿದ್ರ ಬ್ಯಾಡ ಅಂದುಬಿಡತಾರ. ನಾ ಅಷ್ಟು ದೂರ ಇರಾಕಿ. ಅವನನ್ನ ಹಡಗಾ ಹತ್ತಸೋದು ನಿನ್ನ ಕೈಯಾಗದ."

"ಆತು," ಎಂದಳು ರಾಧಾಬಾಯಿ.

ಆ ಒಂದು ಮಾತಿನ ಮೇಲೆ ಮನೆಯ ಗಾಳಿ ತಿರುಗಿತು. ಬೇಡವೆಂದು ಕೂತಿದ್ದ ಮುದುಕಿಯೇ ಎಲ್ಲರಿಗಿಂತ ಮುಂದಾದಳು. ಮಠದ ಭಟ್ಟರು ಆಕ್ಷೇಪವೆತ್ತಿದಾಗ, ತನ್ನ ಮೊಮ್ಮಗ ಹೋಗುವುದು ತಿನ್ನಲಿಕ್ಕಲ್ಲ, ಕಲಿಯಲಿಕ್ಕೆ ಎಂದು ಅವರ ಎದುರಿಗೇ ಹೇಳಿ ಕಳಿಸಿದಳು. ಕಾಲೇಜಿನಿಂದ ಬಂದ ಸಾಮಾನಿನ ಪಟ್ಟಿಯನ್ನು ಇಂದೂನಿಂದ ಓದಿಸಿ, ಅದು ಬಾಯಿಪಾಠವಾಗುವತನಕ ಬಿಡಲಿಲ್ಲ: ಉಣ್ಣೆಯ ಕೋಟು ಒಂದು, ಅಂಗಿ ಆರು, ಬೂಟು ಎರಡು ಜೊತೆ, ಸಿಡುಬಿಗೆ ದೇವಿ ಹಾಕಿಸಿದ ದಾಖಲೆ. ಕೋಟಿನ ಅರಿವೆಯನ್ನು ಮಧುಕರ ಕ್ಯಾಂಪಿನ ಪೇಟೆಯಿಂದ ತಂದ. ಅದನ್ನು ಮೂಗಿಗೆ ಹಿಡಿದು ನೋಡಿ ಕುರಿಯ ವಾಸನೆ ಎಂದಳು. ಮೂರು ದಿನ ಬೇವಿನ ಎಲೆಯಲ್ಲಿಟ್ಟು, ಆಮೇಲೆ ದರ್ಜಿಗೆ ಕೊಟ್ಟಳು.

ಮುಳ್ಳುಚಮಚೆ ಹಿಡಿಯುವುದನ್ನು ಹುಡುಗರು ಮನೆಯಲ್ಲಿ ರೂಢಿ ಮಾಡಿಕೊಳ್ಳಬೇಕೆಂದು ಪ್ರೊಫೆಸರರ ಅಪ್ಪಣೆಯಾಗಿತ್ತು. ಶ್ಯಾಮ ಒಂದನ್ನು ಎರವಲು ತಂದು ಬದನೆಕಾಯಿ ಪಲ್ಯದ ಮೇಲೆ ಪ್ರಯೋಗಕ್ಕೆ ಕುಳಿತ. ಕಾಯಿ ಜಾರಿ ಕುಸುಮಳ ತಾಟಿಗೆ ಹೋಯಿತು.

"ಉಣ್ಣಾಕ ಕೂತೀಯೋ, ಬ್ಯಾಟಿ ಆಡಾಕ ಕೂತೀಯೋ?" ಎಂದಳು ರಾಧಾಬಾಯಿ.

"ಅಲ್ಲಿ ಹಿಂಗ ಅಜ್ಜಿ. ಕೈ ಹಚ್ಚಿದ್ರ ನಗತಾರ."

"ನಗಲಿ ಬಿಡು. ಉಪವಾಸ ಇದ್ದವನನ್ನ ನೋಡಿ ನಗೋದಕಿಂತ ಉಣ್ಣಾವನನ್ನ ನೋಡಿ ನಗೋದು ಚಲೋ."

ಚೈತ್ರ ಹುಟ್ಟಿದ ಮೇಲೆ ತಿನಿಸಿನ ಕೆಲಸ ಮೊದಲಾಯಿತು. ಹಡಗಿನ ಮೇಲೆ ಹದಿನೈದು ದಿನ, ಅಲ್ಲಿ ಹತ್ತು ವಾರ. ಶೇಂಗಾ ಚಟ್ನಿ, ಮೆಂತ್ಯದ ಹಿಟ್ಟು, ಹಚ್ಚಿದ ಅವಲಕ್ಕಿ, ಬೇಸನ್ ಉಂಡಿ, ಮಾವಿನಕಾಯಿಯ ಗುಳಂಬ. ಎಲ್ಲವನ್ನೂ ರಾಧಾಬಾಯಿ ಮಡಿಯಲ್ಲೇ ಮಾಡಿದಳು. ಬೋಹರಿ ಆಳಿ ಎಂಬ ಓಣಿಯಿಂದ ತಂದ ಡಬ್ಬಿಗಳ ಮುಚ್ಚಳಕ್ಕೆ ಬೆಸುಗೆ ಹಾಕಿಸಲು ಮಾತ್ರ ಕಲಾಯಿಯವನನ್ನು ಕರೆಸಬೇಕಾಯಿತು. ಅವನು ಅಂಗಳದಲ್ಲಿ ಕೆಲಸ ಮಾಡುವಷ್ಟು ಹೊತ್ತೂ ಮೆಟ್ಟಿಲ ಮೇಲೆ ನಿಂತೇ ಇದ್ದಳು. ವಿಚಾರಿಸಲು ಬಂದ ಏಕನಾಥನ ಕೈಗೂ ಉಂಡಿ ಕೊಟ್ಟಳು. "ತಿನ್ನಪ್ಪಾ," ಎಂದಳು. "ಆದರ ಹುಡುಗ ಗಟ್ಟಿಮುಟ್ಟಾಗಿದ್ದಾನ. ನಿನಗ ಮುಂದಿನ ವರ್ಷ."

ಮಗನನ್ನು ಕಳಿಸಲು ನರ್ಮದಾ ಪುಣೆಗೆ ಬರುವ ಮಾತಿತ್ತು. ಯುಗಾದಿಯ ಮುಂದೆ ಅವಳ ಪತ್ರ ಬಂತು. ಅಂಬಕ್ಕ ಅನ್ನ ಬಿಟ್ಟಿದ್ದಾರೆ, ಇವತ್ತೋ ನಾಳೆಯೋ ಎನ್ನುವಂತಿದೆ, ಇಂಥ ಹೊತ್ತಿನಲ್ಲಿ ಹೊಸಿಲು ದಾಟಲಾರೆ. ಹಡಗು ಹೊರಡುವತನಕ ಆ ಜೀವ ಒಂದು ನಿಲ್ಲಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದೇನೆ ಎಂದಿತ್ತು. ಅದನ್ನು ಕೇಳಿ ಶ್ಯಾಮನ ಮುಖ ಸಣ್ಣದಾಯಿತು. ತಾನೇ ಎರಡು ದಿನ ಊರಿಗೆ ಹೋಗಿ ಬರುವುದಾಗಿ ಹೇಳಿದ. ಆದರೆ ಪಾಸ್‌ಪೋರ್ಟು ಇನ್ನೂ ಕೈಸೇರಿರಲಿಲ್ಲ. ಯಾವ ದಿನ ಕಚೇರಿಯಿಂದ ಕರೆ ಬರುವುದೋ ತಿಳಿಯದು. ಮಧುಕರ ಬೇಡವೆಂದ. ತಿರುಗಿ ಬಂದಮೇಲೆ ನೇರ ತಾಯಿಯ ಹತ್ತಿರವೇ ಹೋದರಾಯಿತು ಎಂದು ರಾಧಾಬಾಯಿಯೂ ಸಮಾಧಾನ ಹೇಳಿದಳು.

ಹಡಗು ಹೊರಡುವುದು ಶನಿವಾರ. ಅದರ ಹಿಂದಿನ ಸೋಮವಾರ ಮಧ್ಯಾಹ್ನ ಮಧುಕರ ಕಚೇರಿಗೆ ಹೋಗಿದ್ದ, ಶ್ಯಾಮ ದರ್ಜಿಯಲ್ಲಿಗೆ, ಇಂದೂ ಮಗಳನ್ನು ಕರೆದುಕೊಂಡು ತುಳಶೀಬಾಗಿನ ಪೇಟೆಗೆ. ಟಪಾಲಿನವನು ಮೆಟ್ಟಿಲ ಕೆಳಗಿನಿಂದ ಕೂಗಿದ. ರಾಧಾಬಾಯಿ ಇಳಿದು ಬಂದಳು. ಅವನು ಕಾರ್ಡನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಹೋದ. ಅದರ ಒಂದು ಮೂಲೆಯನ್ನು ಹರಿದಿದ್ದರು.

ಮೂಲೆ ಹರಿದ ಕಾರ್ಡೆಂದರೆ ಸಾವಿನ ಸುದ್ದಿ. ಅಂಥದನ್ನು ಒಳಗೆ ತರುವುದಿಲ್ಲ. ಹೊರಗೇ ನಿಂತು ಓದಿ, ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಿ, ಕಾರ್ಡನ್ನು ಹರಿದು ಹಾಕುತ್ತಾರೆ. ರಾಧಾಬಾಯಿಗೆ ಓದು ಬರದು. ಆದರೆ ಅದರ ಮೇಲಿದ್ದದ್ದು ಕನ್ನಡವೆಂದು ನೋಡಿದರೆ ತಿಳಿಯುತ್ತಿತ್ತು, ಕನ್ನಡದ ಕಾರ್ಡು ನರ್ಮದೆಯ ಊರಿನಿಂದಲ್ಲದೆ ಬೇರೆ ಕಡೆಯಿಂದ ಬರುತ್ತಿರಲಿಲ್ಲ. ಅಂಬಕ್ಕ ಹೋದಳು ಎಂದುಕೊಂಡಳು. ಆರು ದಿನ ತಡೆಯಬಾರದಿತ್ತೇ ಎಂದುಕೊಂಡಳು.

ಅಂಬಕ್ಕ ಶ್ಯಾಮನಿಗೆ ತಂದೆಯ ತಾಯಿ. ಹತ್ತು ದಿನದ ಸೂತಕ. ಸೂತಕದಲ್ಲಿದ್ದವನನ್ನು ಊರು ಬಿಟ್ಟು ಕಳಿಸುವುದು ಹೇಗೆ? ಮಧುಕರ ಎಷ್ಟೇ ಸುಧಾರಿಸಿದವನೆಂದರೂ ಅದಕ್ಕೆ ಧೈರ್ಯ ಮಾಡಲಾರ. ಹುಡುಗನಂತೂ ಆ ಕ್ಷಣವೇ ಊರಿನ ರೈಲು ಹತ್ತುತ್ತಾನೆ. ಶನಿವಾರ ಬಂದರಿನಲ್ಲಿ ಏಕನಾಥ ನಿಂತಿರುತ್ತಾನೆ.

ಕೇಳಿದರೆ ತಾನೆ ಸೂತಕ. ರಾಧಾಬಾಯಿ ಇನ್ನೂ ಕೇಳಿರಲಿಲ್ಲ. ಕಾರ್ಡನ್ನು ಎಡಗೈಯ ಎರಡು ಬೆರಳಿನಲ್ಲಿ ಎತ್ತಿ, ಅಂಗಳದ ಆಚೆಯ ಬಚ್ಚಲ ಮಾಡಿನ ಹಂಚಿನ ಸಂದಿಗೆ ಸೇರಿಸಿದಳು. ಸ್ನಾನ ಮಾಡಬೇಕೋ ಬೇಡವೋ ಎಂದು ಅಂಗಳದ ನೀರಿನ ಹೌದದ ಹತ್ತಿರ ಬಹಳ ಹೊತ್ತು ನಿಂತಳು. ಮಾಡಿದರೆ ಸುದ್ದಿ ಕೇಳಿದಂತೆಯೇ. ಕೈ ಮಾತ್ರ ತೊಳೆದುಕೊಂಡು ಮೇಲೆ ಹೋಗಿ, ಅರ್ಧ ಕಟ್ಟಿದ್ದ ಉಂಡಿ ಕಟ್ಟಿ ಮುಗಿಸಿದಳು.

ಇಲ್ಲಿ ಕುಸುಮಳ ಪಾಠ ಸ್ವಲ್ಪ ಬೇರೆ. ಆ ಸಂಜೆ ಅಜ್ಜಿ ತನ್ನನ್ನು ಬಚ್ಚಲ ಹತ್ತಿರ ಕರೆದು, ಕನ್ನಡದ ಅಕ್ಷರ ಬರುತ್ತದೆಯೇ ಎಂದು ಕೇಳಿದಳು, ತಾನು ಮರಾಠಿ ಶಾಲೆಯ ಹುಡುಗಿ, ಬರುವುದಿಲ್ಲ ಎಂದಾಗ "ಚಲೋ ಆತು" ಎಂದು ತಲೆ ಸವರಿ ಕಳಿಸಿದಳು ಎಂದು ಕುಸುಮ ಹೇಳುತ್ತಾಳೆ.

ಮರುದಿನ ಪಂಚಾಂಗ ಹೇಳಲು ಬಂದ ಭಟ್ಟರನ್ನು ರಾಧಾಬಾಯಿ ಬೇರೆ ಯಾರದೋ ಮನೆಯ ಮಾತೆಂಬಂತೆ ಕೇಳಿದಳು: ಸತ್ತ ಸುದ್ದಿ ತಡವಾಗಿ ತಿಳಿದರೆ ಹೇಗೆ? ಭಟ್ಟರು, ಹತ್ತು ದಿನದೊಳಗೆ ಕೇಳಿದರೆ ಉಳಿದಷ್ಟು ದಿನ, ಅದು ಕಳೆದಮೇಲೆ ಕೇಳಿದರೆ ಮೂರು ದಿನ, ಕೇಳುವತನಕ ಏನೂ ಇಲ್ಲ ಎಂದರು. ಸತ್ತವರು ತಂದೆತಾಯಿಯಾದರೆ ಮಾತ್ರ ಮಕ್ಕಳಿಗೆ ಎಂದು ಕೇಳಿದರೂ ಪೂರಾ ಹತ್ತು ದಿನ ಎಂದೂ ಸೇರಿಸಿದರು. ಆ ಕೊನೆಯ ಮಾತು ತನಗೆ ಬೇಕಾಗಿಲ್ಲವೆಂದುಕೊಂಡು ರಾಧಾಬಾಯಿ ಅವರಿಗೆ ದಕ್ಷಿಣೆ ಕೊಟ್ಟು ಕಳಿಸಿದಳು.

ಶುಕ್ರವಾರ ಹೋಳಿಗೆಯ ಊಟ. ವಾಡೆಯ ನಾಲ್ಕು ಮನೆಯವರನ್ನು ಕರೆದಿದ್ದರು. ಶ್ಯಾಮ ಹೊಸ ಧೋತರ ಉಟ್ಟು ನಡುವಿನ ಮಣೆಯ ಮೇಲೆ ಕೂತಿದ್ದ. ಅವನು ಕೈಮುಗಿದು ಸಾಕೆಂದರೂ ಅಜ್ಜಿ ಎರಡು ಹೆಚ್ಚಿಗೆ ಹಾಕಿದಳು. ಒಂದು ನನ್ನದು, ಒಂದು ನಿಮ್ಮವ್ವಂದು ಎಂದಳು. ಹುಡುಗ ತಾಯಿಯ ಹೆಸರಿನದನ್ನು ಮೊದಲು ತಿಂದ.

ಶನಿವಾರ ಬೆಳಗಿನ ಗಾಡಿಗೆ ಮಧುಕರ ಅವನನ್ನು ಮುಂಬಯಿಗೆ ಕರೆದೊಯ್ದ. ವಾಡೆಯ ಬಾಗಿಲಲ್ಲಿ ಶ್ಯಾಮ ಅಜ್ಜಿಯ ಕಾಲಿಗೆ ಬಿದ್ದ. ಎದ್ದು, ಅವ್ವನಿಂದ ಎರಡು ವಾರವಾಯಿತು ಪತ್ರವಿಲ್ಲ ಎಂದ. ಅಂಬಕ್ಕನ ಚಾಕರಿಯಲ್ಲಿ ಅವಳಿಗೆ ಕೈ ಬಿಡುವಿರಲಿಕ್ಕಿಲ್ಲ, ನೀನೇ ಹಡಗಿನಿಂದ ಬರೆ, ನಾನು ಮುಟ್ಟಿಸುತ್ತೇನೆ ಎಂದಳು ರಾಧಾಬಾಯಿ. ಟಾಂಗಾ ತಿರುವಿನಲ್ಲಿ ಮರೆಯಾದ ಮೇಲೆ, ಬಾಗಿಲ ಕಟ್ಟೆಯ ಮೇಲೆ ಕುಳಿತು, ಅಂಬಕ್ಕಾ, ತಪ್ಪಾತು, ಒಂದು ವಾರ ನಿನ್ನನ್ನು ಕಾಯಿಸಿದೆ ಎಂದು ತನ್ನಷ್ಟಕ್ಕೆ ಅಂದುಕೊಂಡಳಂತೆ. ಅವಳು ನಗುತ್ತಿದ್ದಳು ಎಂದು ಶಿವಗಂಗವ್ವ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ರಾಧಾಬಾಯಿ ಹಂಚಿನ ಸಂದಿಯಿಂದ ಕಾರ್ಡು ತೆಗೆದಳು. ಆಗಲೂ ಅದೇ ವಾಡೆಯ ಕೆಳಗಿನ ಖೋಲಿಯಲ್ಲಿದ್ದ ಶಿವಗಂಗವ್ವ ಹೌದದ ಹತ್ತಿರ ಕೊಡ ಬೆಳಗುತ್ತಿದ್ದರು.

"ಏನವ್ವಾ, ನಿಮ್ಮ ಮಂದಿಗೆ ಸೂತಕಿಲ್ಲಂತಲ್ಲ?"

"ಇಲ್ಲವ್ವ. ಲಿಂಗ ಕಟ್ಟಿದವರಿಗೆ ಎಂಥಾ ಸೂತಕ?"

"ಹಂಗಾರ ಇದನ್ನ ಓದಿ ಹೇಳು. ಬೀಗಿತಿ ಹೋದ ಸುದ್ದಿ. ಯಾವತ್ತು ಹೋದ್ಲು ಅಂತ ದಿನಾ ಹೇಳಿದ್ರ ಸಾಕು. ಇಂದೂನ ಕೈಲೆ ಓದಿಸಿದ್ರ ಕಾರ್ಡು ಯಾವತ್ತು ಬಂತು ಅಂತ ಕೇಳತಾಳ."

ಶಿವಗಂಗವ್ವ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡರು. ಮೊದಲು ಮನಸ್ಸಿನಲ್ಲೇ ಓದಿದರು. ಎರಡನೆಯ ಸಲ ಓದಿದರು.

"ರಾಧಾಬಾಯಾರ, ಕೂಡ್ರಿ."

"ಯಾಕ ಕೂಡಬೇಕು? ದಿನಾ ಹೇಳು."

"ಕೂಡ್ರಿ ನೀವು ಮೊದಲ."

ರಾಧಾಬಾಯಿ ಕೂಡಲಿಲ್ಲ. ಬರೆದವರು ಹಳ್ಳಿಯ ಶಾಲೆಯ ಮಾಸ್ತರರು. ಊರಲ್ಲಿ ವಾಂತಿಭೇದಿ ಎದ್ದಿದೆ. ಗುರುವಾರ ಬೆಳಗಿನ ಹೊತ್ತಿಗೆ ಸೌಭಾಗ್ಯವತಿ ನರ್ಮದಾಬಾಯಿಯವರು ತೀರಿಕೊಂಡರು. ಯಜಮಾನರು ಬಿಂದುಮಾಧವರಾಯರೂ ಅದೇ ರೋಗದಿಂದ ಮಲಗಿದ್ದಾರೆ. ಊರಿಗೆ ಪಹರೆ ಹಾಕಿರುವುದರಿಂದ ತಾರು ಕೊಡಲು ಹೋಗುವವರಿಲ್ಲ. ಈ ಕಾರ್ಡನ್ನು ಪಹರೆಯವರ ಕೈಯಲ್ಲಿ ಟಪಾಲಿಗೆ ಹಾಕಿಸಿದೆ. ಎಂಟು ವರ್ಷದ ಕಿರಿಯವನ ಕೈಯಿಂದ ಅಗ್ನಿ ಕೊಡಿಸಲಾಯಿತು. ಚಿರಂಜೀವಿ ಶ್ಯಾಮನನ್ನು ಹತ್ತನೆಯ ದಿನಕ್ಕಾದರೂ ಕಳಿಸಬೇಕು. ಅಂಬಕ್ಕನವರು ಕ್ಷೇಮ.

"ಇನ್ನೊಮ್ಮೆ ಓದು," ಎಂದಳು ರಾಧಾಬಾಯಿ.

ಶಿವಗಂಗವ್ವ ಇನ್ನೊಮ್ಮೆ ಓದಿದರು. ರಾಧಾಬಾಯಿ ಬೆರಳು ಮಡಿಸುತ್ತ ಬಂದಳು. ಗುರುವಾರ, ಶುಕ್ರವಾರ, ಶನಿವಾರ. ಭಾನುವಾರ, ಸೋಮವಾರ. ಎರಡೂ ಕೈಯ ಬೆರಳು ಮುಗಿದಾಗ ಶನಿವಾರ ಬಂದಿತ್ತು, ಹುಡುಗ ಹಡಗು ಹತ್ತಿದ ದಿನ. ಅವಳು ಅಳಲಿಲ್ಲ. ತುಂಬಿದ ಕೊಡವನ್ನು ಎತ್ತಿ ತಲೆಯ ಮೇಲೆ ಸುರಿದುಕೊಂಡಳು, ಮತ್ತೆ ತುಂಬಿದಳು, ಮತ್ತೆ ಸುರಿದುಕೊಂಡಳು. ಇಂದೂ ಮೇಲಿನಿಂದ ನೋಡಿ ಓಡಿಬಂದು ಕೈ ಹಿಡಿಯುವತನಕ ನಿಲ್ಲಿಸಲಿಲ್ಲ.

ಮಧ್ಯಾಹ್ನ ಮಧುಕರ ಮುಂಬಯಿಯಿಂದ ಬಂದ. ಹುಡುಗ ಕಟಕಟೆ ಹಿಡಿದು ನಿಂತು ಟೋಪಿ ಬೀಸಿದ್ದನ್ನು ಹೇಳಬೇಕೆಂದು ಮೆಟ್ಟಿಲು ಹತ್ತುತ್ತ ಬಂದವನಿಗೆ ಕಂಡದ್ದು ಹೊತ್ತಿಸದ ಒಲೆ. ತಂಗಿ ಹೋದ ಸುದ್ದಿಯನ್ನು ಇಂದೂ ಹೇಳಿದಳು. ಕಾರ್ಡು ಎಂದು ಬಂತು ಎಂಬುದನ್ನು ರಾಧಾಬಾಯಿಯೇ ಹೇಳಿದಳು.

ಮಧುಕರ ಕೈಯ ಚೀಲವನ್ನು ಕೆಳಗಿಟ್ಟ. ಆಮೇಲೆ ಕೇಳಿದ:

"ಸೋಮವಾರ ಬಂದಿತ್ತು? ಸೋಮವಾರ ನನ್ನ ಕೈಯಾಗ ಕೊಟ್ಟಿದ್ರ ಮಂಗಳವಾರ ಅಂವ ಊರಾಗ ಇರತಿದ್ದ."

"ಹೌದು."

"ಹೋಳಿಗಿ ತಿನಿಸಿದಿಯಲ್ಲವ್ವಾ ಅವಗ. ತಾಯಿ ಹೋದ ಒಂಬತ್ತನೇ ದಿನಾ, ಊರ ಮಂದೀನ ಕರದು ಹೋಳಿಗಿ."

"ಹೌದೋ. ತಿನಿಸೀನಿ."

"ಅಂಬಕ್ಕಂದಾದ್ರೂ ಮುಚ್ಚಿಡೋ ಅಧಿಕಾರ ನಿನಗ ಯಾರು ಕೊಟ್ರು?"

"ಆತು ಅಂದಿದ್ದೆ ನಾನು," ಎಂದಳು ರಾಧಾಬಾಯಿ. "ಅಕಿಗೆ ಆತು ಅಂತ ಅಂದಿದ್ದೆ."

ಆ ದಿನವೇ, ಹಡಗು ಮೊದಲು ತಂಗುವ ಏಡನ್ ಬಂದರಿಗೆ ತಾರು ಕೊಟ್ಟು ಹುಡುಗನನ್ನು ಇಳಿಸಿಕೊಳ್ಳಬೇಕೆಂದು ಮಧುಕರನ ಹಟ. ಇಳಿಸಿದರೆ ತಿರುಗಿ ಬರುವ ಹಡಗಿಗೆ ಅವನು ಗುರುತಿಲ್ಲದ ಊರಿನಲ್ಲಿ ಒಬ್ಬನೇ ಕಾಯಬೇಕು. ರಾಧಾಬಾಯಿ ಬೇಡವೆಂದಳು. ಯಾವತ್ತೂ ಅತ್ತೆಗೆ ಎದುರು ನಿಂತಿರದ ಇಂದೂ ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಇಷ್ಟು ದಿನ ತಿಳಿಯದೆ ಸುಳ್ಳಿನ ಅಡಿಗೆ ಮಾಡಿದೆ, ಇನ್ನು ತಿಳಿದೂ ಮಾಡಲಾರೆ ಎಂದಳು. ಮೂವರೂ ಮೂರು ಕಡೆ ಉಳಿದರು. ಕೊನೆಗೆ ಹುಡುಗನ ತಂದೆ ಬಿಂದುಮಾಧವ ಹೇಳಿದಂತೆ ಆಗಲಿ ಎಂದು ಮಧುಕರ ಊರಿಗೆ ತಾರು ಕೊಟ್ಟ. ಪಹರೆ ತೆಗೆಯುವತನಕ ಉತ್ತರ ಬರಲಿಲ್ಲ. ಅಷ್ಟರಲ್ಲಿ ಹಡಗು ಏಡನ್ ದಾಟಿತ್ತು.

ಜ್ಯೇಷ್ಠದಲ್ಲಿ ಬಿಂದುಮಾಧವ ತಾನೇ ಬಂದ. ಎದ್ದು ಓಡಾಡುವಷ್ಟಾಗಿದ್ದ, ಅಷ್ಟೇ. ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಅವನು ತನ್ನ ಮೇಲೆ ಕೂಗಾಡಲೆಂದು ರಾಧಾಬಾಯಿ ಎರಡು ದಿನ ಕಾದಳು. ಅವನು ಇಂದೂ ಹಾಕಿದ್ದನ್ನು ಉಂಡ, ಕುಸುಮಳಿಗೆ ಪೇರಲಹಣ್ಣು ಕೊಯ್ದು ಕೊಟ್ಟ. ಮೂರನೆಯ ದಿನ ರಾಧಾಬಾಯಿಯೇ ಎದುರು ಬಂದು ಕೂತಳು.

"ಏನರೆ ಅನ್ರಿ ನನಗ."

"ಏನನ್ನಲಿ, ಅತ್ತಿಯವರ?" ಎಂದ ಅವನು. "ಅಕಿಗೆ ಕೊನೀ ಗಳಿಗ್ಯಾಗ ಎಚ್ಚರಿತ್ತು. ಶ್ಯಾಮ ಬಂದನೇನ್ರಿ ಅಂತ ಕೇಳಿದ್ಲು. ನನಗೂ ಆಗ ವಾಂತಿ ಶುರುವಾಗಿತ್ತು. ಬರಾಕ ಹತ್ತಾನ, ಹಾದ್ಯಾಗಿದ್ದಾನ ಅಂದೆ."

ರಾಧಾಬಾಯಿ ತಲೆ ತಗ್ಗಿಸಿದಳು.

"ಹತ್ತನೇ ದಿನಾ ಹಾಸಿಗೀಲಿಂದನ ಹಾದಿ ನೋಡಿದೆ. ಸಣ್ಣಾವಗ ಒಬ್ಬನ ಮಾಡಾಕ ಹೆದರಿಕಿ. ಅಣ್ಣ ಬರಲಿ ಅಂತ ಹೊತ್ತು ಮುಳುಗೂ ತನಕ ಹಳ್ಳದಾಗ ಕೂತಿತ್ತಂತ ಕೂಸು."

ಶ್ಯಾಮನಿಗೆ ಹೇಳುವುದು ಬೇಡವೆಂದು ಅವನು ತೀರ್ಮಾನಿಸಿದ. ಅಲ್ಲಿ ಕೂತು ಅತ್ತರೆ ಬೆನ್ನ ಮೇಲೆ ಕೈಯಿಡುವವರು ಯಾರಿದ್ದಾರೆ, ಬಂದಮೇಲೆ ಹೇಳಿರಿ ಎಂದ. ರಾಧಾಬಾಯಿ ಒಂದೇ ಕೇಳಿಕೊಂಡಳು: ಹೇಳುವುದು ತಾನು, ಬೇರೆ ಯಾರೂ ಹೇಳಕೂಡದು.

ಹುಡುಗನ ಪತ್ರಗಳು ಎರಡು ವಾರಕ್ಕೊಂದರಂತೆ ಬಂದವು. ಪ್ರತಿ ಲಕೋಟೆಯೊಳಗೆ ಇನ್ನೊಂದು ಸಣ್ಣ ಲಕೋಟೆ, ಅವ್ವನಿಗೆ ಎಂದು. ಮೊದಲ ಸಲ ಇಂದೂ ಅದನ್ನೂ ಒಡೆದು ಓದಿದಳು. ಮ್ಯೂನಿಕ್ ಎಂಬ ಊರಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ನಿನಗೆ ಹೊಲದ ಕೆಲಸಕ್ಕೆ ಎಷ್ಟು ಅನುಕೂಲವಾಗುತ್ತಿತ್ತು; ಗೆಣಸಿನಂಥ ಒಂದು ಗಡ್ಡೆಯಿಂದ ಸಕ್ಕರೆ ತೆಗೆಯುವುದನ್ನು ನೋಡಿದೆ; ಗುಂಪಿನ ಹುಡುಗರೆಲ್ಲ ಸೇರಿ ಅಜ್ಜಿಯ ಉಂಡಿ ಆರು ದಿನಕ್ಕೆ ಮುಗಿಸಿದರು. ನೀನು ಯಾಕೆ ಬರೆಯುವುದಿಲ್ಲ? ಇಂದೂ ಅರ್ಧಕ್ಕೆ ನಿಂತಳು. ರಾಧಾಬಾಯಿ ಕೈ ಚಾಚಿ ಕಾಗದ ತೆಗೆದುಕೊಂಡಳು. ಆಮೇಲೆ ಬಂದ ನಾಲ್ಕನ್ನು ಒಡೆಯಗೊಡಲಿಲ್ಲ. ಇವು ಅವಳವು ಎಂದು ನರ್ಮದೆಯ ಹಳೆಯ ಕುಪ್ಪಸದಲ್ಲಿ ಸುತ್ತಿಟ್ಟಳು. ಮಧುಕರ ಬರೆಯುವ ಉತ್ತರದಲ್ಲಿ ಮಳೆಯ ಮಾತಿರುತ್ತಿತ್ತು, ಕುಸುಮಳ ಪರೀಕ್ಷೆಯ ಮಾತಿರುತ್ತಿತ್ತು. ನಿಮ್ಮವ್ವ ಚೆನ್ನಾಗಿದ್ದಾಳೆ ಎಂಬ ಮಾತನ್ನು ಒಮ್ಮೆಯೂ ಬರೆಯಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಶ್ಯಾಮ ತಿರುಗಿ ಬಂದ. ಸ್ಟೇಶನ್ನಿಗೆ ಹೋದ ಮಧುಕರ ದಾರಿಯುದ್ದಕ್ಕೂ ಹಲ್ಲುನೋವೆಂದು ಸುಳ್ಳು ಹೇಳಿ ಬಾಯಿ ಮುಚ್ಚಿಕೊಂಡೇ ಬಂದನಂತೆ. ಅಂದು ಬೆಳಗಿನಿಂದ ರಾಧಾಬಾಯಿ ವಾಡೆಯ ಹೊರಬಾಗಿಲಲ್ಲಿ ಕೂತಿದ್ದಳು. ಹುಡುಗ ಟಾಂಗಾದಿಂದ ಜಿಗಿದ. ಕೆಂಪಾಗಿದ್ದ, ತುಂಬಿಕೊಂಡಿದ್ದ. ಕೈಯಲ್ಲಿ ಒಂದು ಪೊಟ್ಟಣವಿತ್ತು. ಅವ್ವನಿಗೆ ಉಣ್ಣೆಯ ಶಾಲು ಎಂದ. ಕಾಲಿಗೆ ಬಗ್ಗಿದವನನ್ನು ರಾಧಾಬಾಯಿ ಕೈಯಡ್ಡ ಮಾಡಿ ತಡೆದಳು.

"ಮುಟ್ಟಬ್ಯಾಡ. ಮೊದಲ ನಾ ಹೇಳೋದು ಕೇಳು."

ಒಂದನ್ನೂ ಬಿಡದೆ ಹೇಳಿದಳು. ಕಾರ್ಡು ಯಾವ ದಿನ ಬಂತು, ಎಲ್ಲಿ ಇಟ್ಟೆ, ಯಾರ ಸಾವೆಂದು ತಿಳಿದೆ, ಯಾರ ಕೈಯಿಂದ ಓದಿಸಿದೆ. ಬಾಗಿಲಲ್ಲಿ ವಾಡೆಯವರೆಲ್ಲ ನಿಂತಿದ್ದರು. ಹುಡುಗ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ.

"ಹಡಗಾ ಹತ್ತಿದ್ದು ಹತ್ತನೇ ದಿನಾ ಏನು?"

"ಹೌದು."

"ನಾ ಅಲ್ಲಿ ಬಂದರದಾಗ ಫೋಟೋ ತಗಿಸಿಕೊಂಡೆ, ಅಜ್ಜಿ. ಎಲ್ಲಾರೂ ನಗ್ರಿ ಅಂದ್ರು. ಭಾಳ ನಕ್ಕ ಬಿಟ್ಟೆ."

ಅವನು ಅಲ್ಲಿಂದಲೇ ನದಿಯ ದಂಡೆಯ ಓಂಕಾರೇಶ್ವರದ ಘಾಟಿಗೆ ಸ್ನಾನಕ್ಕೆ ನಡೆದ. ಮಧುಕರ ಹಿಂದೆ ಹೋದ. ಭಟ್ಟರು ಹೇಳಿದಂತೆ ಪೂರಾ ಹತ್ತು ದಿನ ಸೂತಕ ಹಿಡಿದ. ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತವನ್ನೂ ಅದರ ಜೊತೆಗೇ ಮಾಡಿಸಿದರು. ಹನ್ನೊಂದನೆಯ ದಿನ ಊರಿಗೆ ಹೋಗಿ ತಂದೆಯನ್ನೂ ತಮ್ಮನನ್ನೂ ಕಂಡು ಬಂದ. ಅಜ್ಜಿಯ ಮೇಲೆ ಒಂದು ದಿನವೂ ದನಿ ಏರಿಸಲಿಲ್ಲ. ಒಡೆಯದ ನಾಲ್ಕು ಲಕೋಟೆಗಳನ್ನು ಅವಳು ಮುಂದಿಟ್ಟಾಗ ಎತ್ತಿ ಜೇಬಿಗೆ ಹಾಕಿಕೊಂಡ. ಅವನ್ನು ಏನು ಮಾಡಿದನೋ ಎರಡೂ ಪಾಠಗಳಲ್ಲಿ ಇಲ್ಲ.

ಮನೆಯಲ್ಲಿ ಬದಲಾದದ್ದು ಒಂದೇ. ಸೂತಕ ಕಳೆದು ಊಟಕ್ಕೆ ಕೂತ ಮೊದಲ ದಿನ ಶ್ಯಾಮ ಬಡಿಸಿದಷ್ಟನ್ನು ಉಂಡ, ತನ್ನ ತಾಟನ್ನು ತಾನೇ ಎತ್ತಿಕೊಂಡು ಬಚ್ಚಲಿಗೆ ಹೋಗಿ ತೊಳೆದು, ಗೋಡೆಗೆ ಆನಿಸಿಟ್ಟ. ರಾಧಾಬಾಯಿ, ಇಡೋ, ನಾ ತೊಳಿತೀನಿ ಎಂದಳು. ಇರಲಿ ಬಿಡ್ರಿ ಎಂದ ಅವನು. ಅದುವರೆಗೆ ಅವಳಿಗೆ ಅವನು ರೀ ಎಂದಿರಲಿಲ್ಲ.

ಮುಂದೆ ಅವನಿಗೆ ದೌಂಡದ ಆಚೆಯ ಒಂದು ಸಕ್ಕರೆಯ ಕಾರಖಾನೆಯಲ್ಲಿ ಕೆಲಸವಾಯಿತು. ತಿಂಗಳಿಗೊಮ್ಮೆ ಭಾನುವಾರ ಬರುತ್ತಿದ್ದ. ಅಜ್ಜಿಗೆ ಸೀರೆ ತರುತ್ತಿದ್ದ, ಕೆಮ್ಮಿಗೆ ಔಷಧ ತರುತ್ತಿದ್ದ. ರಾಧಾಬಾಯಿ ಆರು ವರ್ಷ ಬದುಕಿದಳು. ಅವನು ಬರುವ ಭಾನುವಾರ ಅವನು ಕೈ ತೊಳೆಯುವ ಮುಂಚೆ ತಾಟು ಎತ್ತಬೇಕೆಂದು ಪಕ್ಕದಲ್ಲೇ ಕಾಯುತ್ತ ಕೂರುತ್ತಿದ್ದಳು. ಒಮ್ಮೆಯೂ ಅವಳಿಗೆ ಸಿಕ್ಕಲಿಲ್ಲ.

ಶಿವಗಂಗವ್ವ ಇಲ್ಲಿಗೆ ನಿಲ್ಲಿಸಿದರು. ಬತ್ತಿಯ ಕಟ್ಟು ಕಟ್ಟುತ್ತಿದ್ದ ಒಬ್ಬಳು, ಹುಡುಗ ಅಜ್ಜಿಯನ್ನು ಕೊನೆಗಾದರೂ ಕ್ಷಮಿಸಿದನೇ ಎಂದು ಕೇಳಿದಳು.

"ಮುದುಕಿ ಹೋದಾಗ ಹೊತ್ತೊಯ್ದಾಂವ ಅವನ," ಎಂದರು ಶಿವಗಂಗವ್ವ. "ಘಾಟಿನ ತನಕ ಹೆಗಲಾ ಬದಲಿ ಮಾಡಗೊಡಲಿಲ್ಲ. ಉಳದದ್ದು ನನಗ ಗೊತ್ತಿಲ್ಲವ್ವ. ಕಾರ್ಡು ಓದಿದಾಕಿ ನಾನು. ಈಗೂ ಟಪಾಲಿನವನ ದನಿ ಕೇಳಿದ್ರ ಒಳಗ ಹೋಗತೀನಿ."

ಹತ್ತಿಯ ಬುಟ್ಟಿಗಳಿಗೆ ಮುಚ್ಚಳ ಬಿದ್ದವು. ಶನಿವಾರ ಪೇಠೆಯಿಂದ ಬಂದಿದ್ದ ಇಬ್ಬರು ಮಳೆ ಶುರುವಾಗುವ ಮುಂಚೆ ಮುಟ್ಟಬೇಕೆಂದು ಮೊದಲು ಎದ್ದರು. ಉಳಿದವರೂ ಸೆರಗಿನ ಹತ್ತಿ ಕೊಡವಿಕೊಂಡು, ಒಬ್ಬರ ಹಿಂದೊಬ್ಬರು ವಾಡೆಯ ಬಾಗಿಲು ದಾಟಿ, ಸಂಜೆಯ ಅಡಿಗೆಗೆ ತಮ್ಮ ತಮ್ಮ ಮನೆಗೆ ಹೋದರು.